ಹಸನ್‌ಸಾಬನ ಬಂದೂಕಿಗೆ ಹೊಸ ಪಿಸ್ಟನ್

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಸಕೀನಾಬೀ ಕಿಟಕಿ ಪಕ್ಕ ಕೂತಿದ್ದಳು. ಮಡಿಲಲ್ಲಿ ಹಳೆಯ ಚಾದರ ಸುತ್ತಿದ ಉದ್ದನೆಯ ಗಂಟು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್, "ಏನ್ರೀ ಅಮ್ಮಾ ಇದು, ಇಷ್ಟು ಜ್ವಾಕಿಲೆ ಹಿಡ್ಕೊಂಡೀರಿ?" ಅಂದ. "ಬಂದೂಕು" ಅಂದಳು. ಅವನು ನಕ್ಕು ಮುಂದಿನ ಸೀಟಿಗೆ ಹೋದ. ನಿಜ ಹೇಳಿಬಿಟ್ಟರೆ ಜನ ಹೀಗೆಯೇ, ನಂಬುವ ಗೋಜಿಗೇ ಹೋಗುವುದಿಲ್ಲ.

ಬಂದೂಕು ಹೌದು, ಆದರೆ ಯಾರ ಜೀವ ತೆಗೆಯುವಂಥದ್ದಲ್ಲ. ಬಲೂನಿಗೆ ಗುರಿ ಇಡುವ ಏರ್ ರೈಫಲ್. ಮಸ್ಕಿಯ ಬಸ್‌ಸ್ಟ್ಯಾಂಡ್ ಹತ್ತಿರದ ಬಯಲಿನಲ್ಲಿ ಸಂಜೆಯಾದರೆ ಹಲಗೆ ನಿಲ್ಲಿಸಿ, ಸಾಲು ಸಾಲು ಬಲೂನು ಕಟ್ಟಿ, ಅವಳೂ ಅವಳ ಗಂಡ ಹಸನ್‌ಸಾಬನೂ ಮೂವತ್ತು ವರ್ಷ ನಡೆಸಿದ ಆಟ. ಅವನು ಬಂದೂಕಿನ ಕಡೆ, ಇವಳು ಹಲಗೆಯ ಕಡೆ. ನಡುವೆ ಹದಿನೈದು ಹೆಜ್ಜೆ. ಅಷ್ಟು ವರ್ಷದ ಸಂಸಾರವನ್ನು ಬಹುಪಾಲು ಆ ಹದಿನೈದು ಹೆಜ್ಜೆಯ ದೂರದಿಂದಲೇ ಮಾಡಿದರು ಅಂದರೂ ಸುಳ್ಳಲ್ಲ.

ಆ ಆಟಕ್ಕೊಂದು ಕಟ್ಟುನಿಟ್ಟಿತ್ತು. ನಳಿಗೆಯನ್ನು ಮಡಚಿ ಕೆಳಗೆಳೆಯುವುದು, ಛರ್ರೆ ಎಂಬ ಸೀಸದ ಸಣ್ಣ ಗುಂಡು ಇಡುವುದು, ಮತ್ತೆ ಮುಚ್ಚುವುದು, ಇಷ್ಟನ್ನೂ ಅಂಗಡಿಯವರೇ ಮಾಡಬೇಕು. ಗಿರಾಕಿಯದು ಗುರಿ ಇಟ್ಟು ಹೊಡೆಯುವುದಷ್ಟೇ. ಎಳೆಯುವಾಗ ಕೈ ಜಾರಿದರೆ ನಳಿಗೆ ಚಿಮ್ಮಿ ಬೆರಳು ಜಜ್ಜುತ್ತದೆ. ಎಂಥ ಪೈಲ್ವಾನ ಬಂದು ಮೀಸೆ ತಿರುವಿದರೂ ಹಸನ್‌ಸಾಬ್ ಎಳೆಯಲು ಬಿಟ್ಟವನಲ್ಲ.

ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು. ಬಂದೂಕು ಸಕೀನಾಬೀಯ ಕೈಗೆ ಬಂತು. ಆದರೆ ಅವಳ ಬಲಭುಜ ಮೊದಲೇ ಹಿಡಿದುಕೊಂಡಿತ್ತು. ಹತ್ತು ಸಲ ಎಳೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೋದ ವಾರ ಬಂದೂಕಿನ ಒಳಗೇ ಏನೋ ಲಟಕ್ಕೆಂದು ಮುರಿದು ಅದೂ ಸುಮ್ಮನಾಯಿತು. ಮಗಳು ವಸೀಮಾ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ, ಒಳ್ಳೆಯ ಹುಡುಗಿ, ಹಟಮಾರಿ. ಆಕೆ ಖಡಾಖಂಡಿತವಾಗಿ ಹೇಳಿದ್ದಳು: "ಅಮ್ಮಿ, ಬಂದೂಕು ರಿಪೇರಿ ಮಾಡಿಸ್ಕೊ. ಒಂದು ಸಂಜಿ ನಾ ಬಂದು ಕೂಡ್ತೀನಿ. ಯಾರ ಕೈನೂ ಹಚ್ಚಿಸ್ಕೊಳ್ಳದ ಐವತ್ತು ಸಲ ಎಳದ್ರ ಅಂಗಡಿ ನಿಂದು. ಇಲ್ಲಂದ್ರ ಎಲ್ಲಾ ಮಾರಿ ನನ್ನ ಮನಿಗೆ ಬಾ."

ಮಗಳ ಮನೆ ಒಳ್ಳೆಯದೇ. ಫ್ರಿಡ್ಜ್ ಇದೆ, ನಲ್ಲಿ ಇದೆ, ಮೆತ್ತಗಿನ ಮಂಚ ಇದೆ. ಸಕೀನಾಬೀಗೆ ಅದನ್ನು ನೆನೆದರೆ ಉಸಿರು ಕಟ್ಟುತ್ತಿತ್ತು. ಸಂಜೆಯ ಬಯಲಿಲ್ಲದೆ ತಾನು ಬದುಕಲಾರೆ ಎಂದು ಅವಳಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಲು ಮಾತ್ರ ನಾಚಿಕೆ.

ಬಸ್ಸು ಕಾಲುವೆಯ ಸೀಮೆಗೆ ಇಳಿಯಿತು. ಎರಡೂ ಕಡೆ ನೀರು ನಿಂತ ಗದ್ದೆಗಳು, ನೀರಿನಲ್ಲಿ ಆಕಾಶ. ಸಕೀನಾಬೀಗೆ ಜೊಂಪು ಹತ್ತಿತು. ಬಸ್ಸು ನೆಲದ ಮೇಲೆ ಹೋಗುತ್ತಿದೆಯೋ ಮೋಡದ ಮೇಲೋ ತಿಳಿಯದಾಯಿತು. ಗದ್ದೆಯ ಆಚೆ ದಂಡೆಯಲ್ಲಿ, ಹದಿನೈದೇ ಹೆಜ್ಜೆ ದೂರದಲ್ಲಿ ಹಸನ್‌ಸಾಬ್ ನಿಂತಿದ್ದ. ಬಸ್ಸು ಎಷ್ಟು ಓಡಿದರೂ ಅವನು ಅಷ್ಟೇ ದೂರದಲ್ಲಿ ಉಳಿದ. "ಕೆಂಪು ಬಲೂನು ಮ್ಯಾಲ ಕಟ್ಟು" ಅಂದ. ಅವಳು ಹ್ಞೂಂ ಅಂದಳು. ಪಕ್ಕದ ಹೆಂಗಸು ತನಗೇ ಅಂದಳೆಂದು ತಿಳಿದು ಸ್ವಲ್ಪ ಸರಿದು ಕೂತಳು.

ಸಿಂಧನೂರಿನಲ್ಲಿ ಮುಕ್ತಿಯಾರನ ಅಂಗಡಿ ಅಕ್ಕಿ ಗಿರಣಿಗಳ ಸಾಲಿನ ತುದಿಗೆ. ಗದ್ದೆಗೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುವವನು. ಭತ್ತಕ್ಕೆ ಬೀಳುವ ಹಕ್ಕಿ ಬೆದರಿಸಲು ರೈತರು ಇಟ್ಟುಕೊಂಡ ಏರ್‌ಗನ್ನುಗಳೂ ಅವನ ಕೈಗೇ ಬರುತ್ತವೆ. ಹಸನ್‌ಸಾಬನೂ ಈ ಬಂದೂಕು ತರುತ್ತಿದ್ದದ್ದು ಇಲ್ಲಿಗೇ. ಅವನು ಗಂಟು ಬಿಚ್ಚಿ, ಬಂದೂಕು ಕಳಚಿ, ಒಳಗಿನ ಪಿಸ್ಟನ್ನು ಹೊರಗೆಳೆದು ಮೂಸಿದ.

"ಚಾಚಿ, ಇದಕ್ಕ ಕೊಬ್ಬರಿ ಎಣ್ಣಿ ಹಾಕ್ತಿದ್ರೇನು?"

"ಅವರು ಹಾಕ್ತಿದ್ರಪ್ಪ. ನಾನೂ ಹಾಕ್ದೆ. ಪ್ರತಿ ಶುಕ್ರವಾರ, ಒಂದು ಮುಚ್ಚಳ."

"ಮುಚ್ಚಳ?" ಮುಕ್ತಿಯಾರ್ ತಲೆ ಎತ್ತಿದ. "ಚಾಚಾ ಹಾಕ್ತಿದ್ದದ್ದು ತಿಂಗಳಿಗೆ ಎರಡು ಹನಿ. ಚರ್ಮದ ವಾಸರ್ ಒಣಗಬಾರದಂತ. ಎಣ್ಣಿ ಹೆಚ್ಚಾದ್ರ ಒಳಗ ಗಾಳಿ ಒತ್ತಿ ಬೆಂಕಿ ಹತ್ತತದ ಚಾಚಿ, ಆ ಹೊಡತಕ್ಕ ಸ್ಪ್ರಿಂಗೇ ಮುರೀತದ. ಹೊಗಿ ಬರ್ತಿರಲಿಲ್ಲ?"

ಬರುತ್ತಿತ್ತು. ನಳಿಗೆಯ ತುದಿಯಿಂದ ತೆಳ್ಳನೆಯ ನೀಲಿ ಹೊಗೆ, ಹಸನ್‌ಸಾಬನ ತಲೆಗೂದಲಿನ ವಾಸನೆಯದು. ಬಂದೂಕು ಹಿಂದೆಂದೂ ಇಲ್ಲದ ಆರ್ಭಟದಲ್ಲಿ ಸಿಡಿಯುತ್ತಿತ್ತು, ಗಿರಾಕಿಗಳು ಶಹಬ್ಬಾಸ್ ಅನ್ನುತ್ತಿದ್ದರು. ಅವನೇ ಬಂದು ಒಳಗೆ ಕೂತಿದ್ದಾನೆ ಅಂದುಕೊಂಡು ಅವಳು ಮುಂದಿನ ಶುಕ್ರವಾರ ಮುಚ್ಚಳ ತುಂಬ ತುಂಬಿದ್ದಳು. ಹದಿನೈದು ಹೆಜ್ಜೆ ದೂರದಿಂದ ನೋಡಿದವಳಿಗೆ ಎಣ್ಣೆ ಕಂಡಿತ್ತು, ಹನಿಯ ಲೆಕ್ಕ ಕಂಡಿರಲಿಲ್ಲ.

"ನಾನೇ ಮುರದೆ ಅನ್ನು" ಅಂದಳು ಸಕೀನಾಬೀ. ಮುಕ್ತಿಯಾರ್ ಎರಡು ತುಂಡಾದ ಸ್ಪ್ರಿಂಗನ್ನು ಅವಳ ಕಣ್ಣಿಗೆ ಬೀಳದ ಹಾಗೆ ಡಬ್ಬಿಗೆ ಹಾಕಿದ.

ಈಗ ಸ್ಪ್ರಿಂಗಿನ ಕಾಲ ಮುಗಿಯಿತು ಎಂದು ಅವನು ವಿವರಿಸಿದ. ಸ್ಪ್ರಿಂಗಿನ ಜಾಗಕ್ಕೆ ಗ್ಯಾಸ್ ತುಂಬಿದ ಕೊಳವೆ ಕೂಡಿಸುವ ಪಿಸ್ಟನ್ ಕಿಟ್‌ಗಳು ಬಂದಿವೆ, ಅವನ ಹತ್ತಿರ ಎರಡು ನಮೂನೆ ಇವೆ. ಒಂದು ಜೋರಿನದು, ಇನ್ನೊಂದು ಹಗುರಿನದು. ರಿಪೇರಿಗೆ ಬಂದ ರೈತರ ಎರಡು ಬಂದೂಕಿನಲ್ಲಿ ಅವೇ ಇದ್ದವು. "ಎಳದು ನೋಡ್ರಿ" ಅಂದ.

ಜೋರಿನದನ್ನು ಅವಳು ಎಳೆದಳು. ಮೊದಲ ಗೇಣಿನಿಂದಲೇ ಅದು ಬಂಡೆ. ಭುಜದಲ್ಲಿ ಸಳಕ್ ಅಂದು, ನಳಿಗೆ ಅರ್ಧಕ್ಕೆ ನಿಂತಿತು. ಮುಕ್ತಿಯಾರ್ ಹಿಡಿದು ಮಿಕ್ಕರ್ಧ ಎಳೆದು, ಛರ್ರೆ ಇಟ್ಟು, ಮೂಲೆಯ ಮರಳು ಚೀಲಕ್ಕೆ ಹೊಡೆದ. ಫಟ್ ಎಂದಿತು. ಅದೇ ಸದ್ದು, ಹಸನ್‌ಸಾಬನದೇ. ಹಗುರಿನದು ಅವಳ ಕೈಗೆ ಸಲೀಸಾಗಿ ಬಗ್ಗಿತು. ಅದರ ಸದ್ದು ಮಾತ್ರ ಯಾರೋ ನಿದ್ದೆಯಲ್ಲಿ ಪುಸ್ ಅಂದ ಹಾಗೆ.

"ಬಲೂನು ಒಡೀಲಿಕ್ಕ ಇಷ್ಟು ಸಾಕೇ ಸಾಕು" ಅಂದ ಮುಕ್ತಿಯಾರ್. "ಆದ್ರ ಒಂದು ತಕರಾರು ಅದ." ಬಂದೂಕಿನ ಮುಂಭಾಗದ ಕಟ್ಟಿಗೆಯನ್ನು, ಎಡಗೈ ಹಿಡಿಯುವ ಹ್ಯಾಂಡ್‌ಗಾರ್ಡನ್ನು, ತಿರುಗಿಸಿ ತೋರಿಸಿದ. ನಳಿಗೆಯನ್ನು ಪಿಸ್ಟನ್ನಿಗೆ ಜೋಡಿಸುವ ಉಕ್ಕಿನ ಪಟ್ಟಿ ಓಡಾಡಲು ಅದರೊಳಗೆ ಒಂದು ಸೀಳು ಇತ್ತು. "ಜೋರಿನ ಕಿಟ್ಟಿಂದು ಹಳೇ ಪಟ್ಟಿನೇ, ಈ ಕಟ್ಟಿಗ್ಯಾಗ ಹಂಗೇ ಕೂಡತದ. ಹಗುರಿಂದಕ್ಕ ಅಗಲ ಪಟ್ಟಿ ಅದ. ಇದನ್ನ ಕೊರದು ಅಗಲ ಮಾಡಿದ್ರ ಅಂಚು ಕಾಗದದಷ್ಟು ಉಳೀತದ, ನಾಕು ಸಲ ಎಳಿಯೋದ್ರಾಗ ಸೀಳಿ ಹೋಗತದ. ಬ್ಯಾರೆ ಹ್ಯಾಂಡ್‌ಗಾರ್ಡೇ ಬೇಕು."

ಸಕೀನಾಬೀ ಕಟ್ಟಿಗೆಯನ್ನು ಕೈಗೆ ತೆಗೆದುಕೊಂಡಳು. ಮೂವತ್ತು ವರ್ಷ ಒಂದೇ ಜಾಗದಲ್ಲಿ ಹಿಡಿದು ಹಿಡಿದು ಹಸನ್‌ಸಾಬನ ನಾಲ್ಕು ಬೆರಳು ಅದರಲ್ಲಿ ಇಳಿದಿದ್ದವು. ತನ್ನ ಬೆರಳನ್ನು ಆ ಗುಂಡಿಗಳಲ್ಲಿಟ್ಟಳು. ಒಂದಕ್ಕೂ ಒಪ್ಪಲಿಲ್ಲ, ಅವನ ಕೈ ದೊಡ್ಡದು. ಅವನ ಕಟ್ಟಿಗೆ ಉಳಿಸಿಕೊಂಡರೆ ಅವನ ಜೋರು ಬೇಕು, ಅವನ ಜೋರು ಅವಳಲ್ಲಿಲ್ಲ. ಅಂಗಡಿ ಉಳಿಯಬೇಕಾದರೆ ಆ ಬೆರಳುಗಳನ್ನು ಬಿಡಬೇಕು. ಇದಕ್ಕಿಂತ ಭುಜದ ನೋವೇ ವಾಸಿ ಅನ್ನಿಸಿತು ಅವಳಿಗೆ.

"ಚಾ ಕುಡದು ಬರ್ತೀನಿ" ಎಂದು ಎದ್ದಳು.

ಎದುರಿನ ಹೋಟೆಲಿನ ಬೆಂಚಿನಲ್ಲಿ ಕೂತಳು. ಮಧ್ಯಾಹ್ನದ ಬಿಸಿಲು, ಗಿರಣಿಯಿಂದ ತೌಡಿನ ಧೂಳು ಬಂಗಾರದ ಬಣ್ಣಕ್ಕೆ ತೇಲುತ್ತ ಇಳಿಯುತ್ತಿತ್ತು. ಗಿರಣಿಯ ಸದ್ದು ದೂರವಾಯಿತು. ಧೂಳಿನ ಆಚೆ, ಹದಿನೈದು ಹೆಜ್ಜೆಗೆ, ಅವನೇ. ಇವಳು ಕೇಳಿದಳು: "ಯಾವುದು ತಗೊಳ್ಳಲಿ?" ಜೀವಂತ ಇದ್ದಾಗ ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುತ್ತಿದ್ದ ಮನುಷ್ಯ ಈಗ ಸುಮ್ಮನೆ ನಿಂತಿದ್ದ. ಮತ್ತೆ ಕೇಳಿದಳು. ಅವನು ಹಲಗೆಯ ಕಡೆ ಬೆರಳು ಮಾಡಿದ, ಅಲ್ಲಿ ಬಲೂನುಗಳೆಲ್ಲ ಗಾಳಿ ಇಳಿದು ಜೋತುಬಿದ್ದಿದ್ದವು. ಅವಳಿಗೆ ಸಿಟ್ಟು ಬಂತು. ಸತ್ತವರಿಗೇನು, ನಿಂತು ಬೆರಳು ಮಾಡಿದರೆ ಮುಗಿಯಿತು, ಎಳೆಯುವವಳು ನಾನು. ಆ ಸಿಟ್ಟಿಗೇ ಎಚ್ಚರವಾಯಿತು. ಚಹಾ ಆರಿತ್ತು. ಒಂದೇ ಗುಟುಕಿಗೆ ಕುಡಿದಳು.

"ಹಗುರಿಂದ ಕೊಡು ಬೇಟಾ" ಅಂದಳು ಬಂದು. "ಆ ಕಟ್ಟಿಗಿ ನಿನ್ನ ಹತ್ತಿರಾನೇ ಇರಲಿ. ನನ್ನ ಕೈಗೆ ಕೊಡಬ್ಯಾಡ, ಕೊಟ್ರ ಮನಸು ತಿರುಗತದ."

ಮುಕ್ತಿಯಾರ್ ಹೊಸ ಪಟ್ಟಿಯ ಅಳತೆಯನ್ನು ದಪ್ಪ ಕಾಗದದಲ್ಲಿ ಕತ್ತರಿಸಿಕೊಟ್ಟ. ಪ್ಲಾಸ್ಟಿಕ್ಕಿನ ರೆಡಿ ಹ್ಯಾಂಡ್‌ಗಾರ್ಡ್ ಒಂದಿತ್ತು, ಅವಳ ಬೆವರುವ ಕೈಗೆ ಜಾರಿತು. ಹಾಗಾಗಿ ಮರುದಿನ ಲಿಂಗಸುಗೂರಿಗೆ, ಬಡಿಗೇರ ಬಸವಂತರಾಯನ ಹತ್ತಿರ ಹೋದಳು. ಆತ ಕಾಗದ ನೋಡಿ ಬದಿಗಿಟ್ಟ.

"ಇದು ಕಬ್ಬಿಣದ ಅಳತಿ ಆಯ್ತು. ಕೈ ತೋರಸ್ರಿ."

ಅವಳ ಅಂಗೈಯನ್ನು ಹಲಗೆಯ ಮೇಲೆ ಇಡಿಸಿ ಸುತ್ತಲೂ ಸೀಸಕಡ್ಡಿ ಎಳೆದ. ಬಳೆಗಾರನನ್ನು ಬಿಟ್ಟರೆ ಅವಳ ಕೈಯ ಅಳತೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ. ಕೈ ಎತ್ತಿದ ಮೇಲೂ ಗೆರೆ ಹಲಗೆಯಲ್ಲಿ ಉಳಿದಿತ್ತು, ಸಣ್ಣ ಕೈ, ಹೆಬ್ಬೆರಳು ಸ್ವಲ್ಪ ಸೊಟ್ಟ. ಇಷ್ಟು ದಿನ ಇದನ್ನು ನೋಡಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಅಚ್ಚರಿಯಾಯಿತು. ಬಸವಂತರಾಯ ತೇಗದ ತುಂಡೊಂದನ್ನು ಆರಿಸಿದ. ಉದ್ದ ಎರಡು ಬೆರಳು ಕಡಿಮೆ ಮಾಡುತ್ತೇನೆ, ಭುಜ ಚಾಚುವುದು ತಪ್ಪುತ್ತದೆ ಅಂದ. ಮುಂದಿನ ವಾರ ಮುಕ್ತಿಯಾರ್ ಹೊಸ ಪಿಸ್ಟನ್ನು, ಹೊಸ ಕಟ್ಟಿಗೆ ಎರಡನ್ನೂ ಕೂಡಿಸಿ, ಬಂದೂಕು ಕೊಡುವಾಗ ಒಂದೇ ಮಾತು ಹೇಳಿದ: "ಎಣ್ಣಿ ಮಾತ್ರ ಬ್ಯಾಡ ಚಾಚಿ. ಒಂದು ಹನಿನೂ ಬ್ಯಾಡ."

ಭಾನುವಾರ ಸಂಜೆ ವಸೀಮಾ ಮಸ್ಕಿಗೆ ಬಂದು, ಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಗುಡ್ಡದ ಹಿಂದೆ ಸೂರ್ಯ ಇಳಿದು ಬಯಲೆಲ್ಲ ಕೇಸರಿಯಾಗಿತ್ತು. ಮೊದಲ ಗಿರಾಕಿ ಹಮಾಲಿ ದೊಡ್ಡಬಸಪ್ಪ, ಹಳೆಯ ಹುಲಿ. ಒಂದು ಸುತ್ತು ಹೊಡೆದು ಮುಖ ಸಿಂಡರಿಸಿದ.

"ಏನ್ರೀ ಇದು, ದನಿನೇ ಇಲ್ಲ. ಹಸನ್‌ಸಾಬಂದು ಹೊಡದ್ರ ಬಸ್‌ಸ್ಟ್ಯಾಂಡಿನ ಮಂದಿ ತಿರುಗಿ ನೋಡ್ತಿದ್ರು."

"ದನಿ ಬೇಕಂದ್ರ ನೀನೇ ಒದರು" ಅಂದಳು ಸಕೀನಾಬೀ. "ಬಲೂನು ಒಡದದ ಇಲ್ಲ?"

ಒಡೆದಿತ್ತು. ಬಂದೂಕಿನ ಸದ್ದು ಸಣ್ಣದಾದ್ದರಿಂದ ಈಗ ಬಲೂನು ಒಡೆದ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು, ಅದಕ್ಕೇ ಜನ ತಿರುಗುತ್ತಿದ್ದರು. ಅವಳು ಎಳೆದಳು, ಇಟ್ಟಳು, ಮುಚ್ಚಿದಳು, ಕೊಟ್ಟಳು. ಮೂವತ್ತರ ಹತ್ತಿರ ಭುಜ ಬಿಸಿಯಾಯಿತು. ದೊಡ್ಡಬಸಪ್ಪ, "ಕೊಡ್ರಿ, ನಾ ಎಳಕೊಳ್ತೀನಿ" ಎಂದು ಕೈ ಚಾಚಿದ. ವಸೀಮಾ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಸಕೀನಾಬೀ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಬಂದೂಕಿನ ಹಿಂಬದಿಯನ್ನು ತೊಡೆಗೆ ಆನಿಸಿಕೊಂಡಳು. ನಿಲುವು ಬದಲಾದಂತೆ ಭುಜಕ್ಕೆ ಆರಾಮಾಯಿತು. ಯಾರೂ ಹೇಳಿಕೊಟ್ಟದ್ದಲ್ಲ, ಮೈಯೇ ಹುಡುಕಿಕೊಂಡಿತು. ಅಲ್ಲಿಂದ ಮುಂದೆ ಎಳೆತ ಒಂದು ಲಯಕ್ಕೆ ಬಿತ್ತು. ಬಣ್ಣಗಳು ಒಡೆಯುತ್ತಿದ್ದವು, ಬಯಲಿನ ಹುಡುಗರು ಮತ್ತೆ ಕಟ್ಟುತ್ತಿದ್ದರು, ಸಂಜೆ ಹಾಗೆಯೇ ನಿಂತುಬಿಟ್ಟ ಹಾಗಿತ್ತು.

"ಅಮ್ಮಿ" ಎಂದು ಮಗಳು ಕೂಗಿದಾಗಲೇ ಅವಳಿಗೆ ಎಚ್ಚರ. "ಐವತ್ತೆಂಟು. ಆವಾಗ್ಲೇ ಮುಗದದ, ನೀ ನನ್ನ ಕಡೆ ನೋಡಲೇ ಇಲ್ಲ." ವಸೀಮಾಳ ದನಿಯಲ್ಲಿ ಸೋತ ಬೇಸರವಿರಲಿಲ್ಲ. ಹೊಸಬರನ್ನು ನೋಡುವಂತೆ ತಾಯಿಯನ್ನು ನೋಡುತ್ತಿದ್ದಳು. "ಅಂಗಡಿ ನಿಂದು, ಹೋಗು."

ಸಕೀನಾಬೀ ನಗಲು ಹೋದಳು, ಆಗಲಿಲ್ಲ. ಹಲಗೆಯ ಕಡೆಗೊಮ್ಮೆ, ತಾನು ನಿಂತ ಜಾಗಕ್ಕೊಮ್ಮೆ ಕಣ್ಣು ಹಾಯಿಸಿದಳು. ಈ ಐವತ್ತೆಂಟು ಸಲದಲ್ಲಿ ಒಂದು ಸಲವೂ ಹಸನ್‌ಸಾಬ್ ನೆನಪಾಗಿರಲಿಲ್ಲ. ಎಂಟು ತಿಂಗಳಲ್ಲಿ ಹೀಗೆ ಆದದ್ದು ಇದೇ ಮೊದಲು. ತಪ್ಪು ಮಾಡಿದವಳಂತೆ ಕಣ್ಣು ತುಂಬಿತು.

"ಭುಜ ನೋಯಾಕತ್ತಾದೇನು ಅಮ್ಮಿ?" ವಸೀಮಾ ಎದ್ದು ಬಂದಳು.

"ಇಲ್ಲ" ಅಂದಳು. "ಭುಜ ಏನೂ ನೋಯಾಕತ್ತಿಲ್ಲ."

ಮುಂದಿನ ಗಿರಾಕಿ ಕಾಯುತ್ತಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಳಿಗೆಯನ್ನು ಕೆಳಗೆ ಎಳೆದಳು.