ಬೋರಲು ಹಾಕಿದ ಲೋಟ

ಟೇಕ್ ಬೆಂಗನನ್ನು ಕಂಡರೆ ನನಗೆ ಆಗೋದಿಲ್ಲ. ಮೊದಲೇ ಹೇಳಿಬಿಡ್ತೀನಿ, ಕೊನೆಯಲ್ಲಿ ನನ್ನ ಮನಸ್ಸು ಕರಗಿತು ಅಂತ ಯಾರೂ ಅಂದ್ಕೋಬೇಡಿ. ಕರಗಿಲ್ಲ.

ಹಾಲಿಯಾ ಗುಡ್ಡ ಮಲೇಷ್ಯಾದ ಪಿನಾಂಗಿನ ನಮ್ಮ ಫ್ಲಾಟುಗಳ ಬೆನ್ನಿಗೇ ಇದೆ. ದೊಡ್ಡ ಬೆಟ್ಟವೇನಲ್ಲ. ಮೊಣಕಾಲು ನೋವಿನವರೂ ಮುಕ್ಕಾಲು ಗಂಟೆಯಲ್ಲಿ ಹತ್ತಿ, ಮೈ ಬೆವರಿಸಿಕೊಂಡು, ಬಿಸಿಲೇರೋ ಮುಂಚೆ ಮನೆ ಸೇರ್ತಾರೆ. ಅರ್ಧ ದಾರಿಯಲ್ಲಿ ತಗಡು ಹೊದಿಸಿದ ಚಹಾ ಗುಡಿಸಲಿದೆ. ಅಲ್ಲಿ ಹದಿನಾಲ್ಕು ವರ್ಷ ಚಹಾ ಕಾಯಿಸಿದೋಳು ನಾನು, ಗೇಕ್ ಸಿಮ್. ಎಲ್ಲರ ಬಾಯಲ್ಲೂ ಸಿಮ್ ಚೀ, ಅಂದರೆ ಅಕ್ಕ. ಹತ್ತಿ ಬಂದವರಿಗೆಲ್ಲ ಚಹಾ, ಅದು ಗುಡ್ಡದ ಪದ್ಧತಿ. ನೀರು ಮಾತ್ರ ಹತ್ತೋರೇ ಹೊರಬೇಕು. ಗುಡ್ಡದ ಬುಡದಲ್ಲಿ ಸ್ಥಳ ಕಾಯೋ ದಾತುಕ್ ದೇವರ ಕೆಂಪು ಗೂಡಿದೆ, ಪಕ್ಕದಲ್ಲಿ ನಲ್ಲಿ, ಹಲಗೆ ಮೇಲೆ ತುಂಬಿದ ಬಾಟಲಿಗಳ ಸಾಲು. ಒಂದೋ ಎರಡೋ ಎತ್ತಿಕೊಂಡು ಹೋಗಿ ಗುಡಿಸಲಲ್ಲಿ ಇಡಬೇಕು, ಇಳಿವಾಗ ಖಾಲಿ ಬಾಟಲಿ ತರಬೇಕು. ತುಂಬಿದ ಬಾಟಲಿ ಬುಡದಲ್ಲಿ ಬಿದ್ದಿದ್ದು ಕಂಡೂ ಕೈ ಬೀಸಿಕೊಂಡು ಹತ್ತೋನನ್ನು ನಾವು ಮನುಷ್ಯ ಅಂತ ಲೆಕ್ಕಕ್ಕೇ ಇಡಲ್ಲ.

ದಿನಾ ಬರೋರ ಎನಾಮಲ್ ಲೋಟಗಳು ಗುಡಿಸಲಲ್ಲೇ ಇರ್ತವೆ, ತಳದಲ್ಲಿ ಹೆಸರು ಬರೆದು. ಬೆಳಿಗ್ಗೆ ಹೋದ ತಕ್ಷಣ ಎಲ್ಲವನ್ನೂ ಸಾಲಾಗಿ ನೆಟ್ಟಗಿಡ್ತಿದ್ದೆ. ಟೇಕ್ ಬೆಂಗನ ಲೋಟ ಮಾತ್ರ ಬೋರಲು. ಒಂದು ದಿನ ಎರಡು ದಿನ ಅಲ್ಲ, ಒಂಬತ್ತು ವರ್ಷ.

ಯಾಕೆ ಅಂತೀರಾ? ಗುಡಿಸಲ ಪಕ್ಕ ನನ್ನ ಗಂಡ ಒಂದು ರಂಬುಟಾನ್ ಹಣ್ಣಿನ ಗಿಡ ನೆಟ್ಟಿದ್ದ. ಅವನು ಸತ್ತು ನೂರು ದಿನ ತುಂಬಿರಲಿಲ್ಲ, ಈ ಮಹಾನುಭಾವ ಗರಗಸ ತಂದು ಬುಡಕ್ಕೇ ಕತ್ತರಿಸಿ ಹಾಕಿದ. ಬೇರು ಮೆಟ್ಟಿಲು ಎತ್ತುತ್ತಿತ್ತಂತೆ. ಮೆಟ್ಟಿಲು ಅವನದು, ಒಪ್ತೀನಿ. ಬುಡದಿಂದ ಮರಳು ಹೊತ್ತು ಹೊತ್ತು ಇನ್ನೂರು ಮೆಟ್ಟಿಲು ಕಟ್ಟಿದ್ದು ಅವನೇ. ಅದಕ್ಕೆ ನನ್ನ ಗಂಡನ ಮರ ಕಡಿಯೋದಾ? ಒಂದು ಮಾತು ಕೇಳಬಾರದಿತ್ತಾ? ಕೇಳಿದ್ದರೆ ಬೇಡ ಅಂತಿದ್ದೆ, ಅದಕ್ಕೇ ಕೇಳಲಿಲ್ಲ, ಕಳ್ಳ.

ಅವನೂ ಸಾಮಾನ್ಯನಲ್ಲ. ಬೋರಲು ಲೋಟ ನೋಡಿ ಒಂದು ದಿನವೂ ಚಹಾ ಕೇಳಲಿಲ್ಲ. ದಿನಾ ನಾಲ್ಕು ಬಾಟಲಿ ಹೊತ್ತು ತಂದು ನನ್ನ ಒಲೆ ಪಕ್ಕ ಧಡ್ ಅಂತ ಇಟ್ಟು, ಹೊರಗೆ ಕಲ್ಲಿನ ಮೇಲೆ ಕೂತು ತನ್ನ ಫ್ಲಾಸ್ಕಿನ ಬಿಸಿನೀರು ಕುಡೀತಿದ್ದ. ನಾಲಗೆ ಸುಟ್ಟುಕೊಳ್ಳಲಿ ಅಂತ ನಾನು ಮನಸ್ಸಲ್ಲೇ ಹಾರೈಸ್ತಿದ್ದೆ.

ಕಳೆದ ವರ್ಷ ಅವನು ಆ ಮರದ ಮೋಟಿನ ಸುತ್ತ ನಿಂಬೆಹುಲ್ಲು ನೆಟ್ಟ. ಹುಲ್ಲು ಸೊಂಪಾಗಿ ಬಂತು. ಒಂದು ದಿನ ಹೂಯಿ ಖೆಂಗ್ ಎರಡು ಎಸಳು ಕಿತ್ತು ನನ್ನ ಕೆಟಲಿಗೇ ಹಾಕಿದಳು. ಇವಳು ಆಸ್ಪತ್ರೆಯಲ್ಲಿ ನರ್ಸಾಗಿದ್ದೋಳು, ಎಲ್ಲರಿಗೂ ಬುದ್ಧಿ ಹೇಳೋ ಚಾಳಿ ಇನ್ನೂ ಬಿಟ್ಟಿಲ್ಲ.

"ಸಿಮ್ ಚೀ, ಈಗ ನೋಡಿ ಘಮ! ಇಷ್ಟು ದಿನ ಬರೀ ಬಿಸಿನೀರಿಗೆ ಬಣ್ಣ ಹಾಕಿ ಕೊಡ್ತಿದ್ರಿ."

ಎಲ್ಲರೂ ನಕ್ಕರು. ನಾಥನ್ ಅಂತ ಒಬ್ಬನಿದ್ದಾನೆ, ಜೇಬಲ್ಲಿ ರೇಡಿಯೋ ಹಾಡಿಸಿಕೊಂಡು ಹತ್ತೋನು. ಅವನು ಎರಡನೇ ಲೋಟ ಕೇಳಿದ. ಹದಿನಾಲ್ಕು ವರ್ಷದಲ್ಲಿ ಅವನು ಎರಡನೇ ಲೋಟ ಕೇಳಿದ್ದು ಅದೇ ಮೊದಲು. ನನ್ನ ಚಹಾಕ್ಕೆ ಅವನ ಹುಲ್ಲು! ನನ್ನ ಗಂಡನ ಮರದ ಗೋರಿ ಮೇಲಿನ ಹುಲ್ಲು! ಮೈಯೆಲ್ಲ ಉರಿದುಹೋಯ್ತು.

ಆ ವಾರವೇ ನಮ್ಮ ಕೆಳಗಿನ ಮನೆಯ ತೋಟಗಾರನ ಹತ್ತಿರ ಕಳೆ ಕೊಲ್ಲೋ ಔಷಧಿ ಇಸ್ಕೊಂಡೆ. ಗುಡ್ಡಕ್ಕೆ ಹೊರೋ ಥರದ್ದೇ, ಒಳಗಿನದು ಕಾಣದ ನೀರಿನ ಬಾಟಲಿಗೆ ಸುರಿದು, ಅದರ ಕತ್ತಿಗೆ ಹಸಿರು ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿದೆ. ವಿನಿಗರ್ ಇರಲಿ ಎಣ್ಣೆ ಇರಲಿ, ನನ್ನ ಮನೆಯ ಬಾಟಲಿಗೆಲ್ಲ ಹಾಗೇ ಹಾಕ್ತೀನಿ, ಕೈ ಜಾರಬಾರದು ಅಂತ. ಯಾರೂ ಇಲ್ಲದಾಗ ಆ ಹುಲ್ಲಿನ ಬುಡಕ್ಕೆ ಸುರಿದುಬಿಡೋಣ ಅಂತ ಹೊರಟೆ. ಆ ಹುಲ್ಲನ್ನೇ ಇವರು ಚಹಾಕ್ಕೆ ಹಾಕ್ತಾರಲ್ಲ ಅನ್ನೋದು ನನಗೆ ಹೊಳೀಲಿಲ್ಲ. ಹೊಳೀಲಿಲ್ಲ ಅಂತ ನಾನು ಹೇಳ್ತೀನಿ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಬುಡದಲ್ಲೇ ಖೆಂಗ್ ಗಂಟು ಬಿದ್ದಳು. "ಬೇಗ ಬಂದ್ರಲ್ಲ, ಸಿಮ್ ಚೀ! ಬನ್ನಿ, ಜೊತೆಗೇ ಹತ್ತೋಣ." ಬೇಗ ಬಂದ್ರಲ್ಲ ಅನ್ನೋದು ಗುಡ್ಡದಲ್ಲಿ ನಮಸ್ಕಾರ ಅಂದ ಹಾಗೆ. ಇವಳ ಮೂಗು ನಾಯಿ ಮೂಗು. ನಾನು ದೇವರಿಗೆ ಕೈ ಮುಗಿಯೋ ನೆಪ ಮಾಡಿ ಬಾಟಲಿಯನ್ನು ಗೂಡಿನ ಹಿಂದೆ ಹುಲ್ಲಲ್ಲಿ ಮಲಗಿಸಿದೆ. ಇಳಿವಾಗ ಎತ್ಕೊಂಡರಾಯ್ತು ಅಂತ ಹಲಗೆ ಮೇಲಿಂದ ಬೇರೆ ಎರಡು ಬಾಟಲಿ ಹಿಡಿದು ಅವಳ ಜೊತೆ ಹತ್ತಿದೆ.

ಗುಡಿಸಲಲ್ಲಿ ಒಲೆ ಹೊತ್ತಿಸಿ, ಮೊದಲ ಕೆಟಲು ಹಂಚಿ, ಎರಡನೆಯದಕ್ಕೆ ನೀರು ತುಂಬಿಸ್ತಾ ಇದ್ದೆ. ಭಾನುವಾರ, ಮೂವತ್ತು ನಲವತ್ತು ಜನ. ಇಬ್ಬರು ತುಂಬು ಬಸುರಿಯರೂ ಇದ್ದರು, ಡಾಕ್ಟರು ನಡೀರಿ ಅಂದಿದ್ದಾರೆ ಅಂತ ಬಂದೋರು. ಮಾತಾಡ್ತಾ ಮಾತಾಡ್ತಾ ಒಂದು ಬಾಟಲಿ ಮುಚ್ಚಳ ತಿರುಗಿಸಿ ಬಗ್ಗಿಸಿದೆ. ಘಾಟು ಮೂಗಿಗೆ ಹೊಡೀತು. ಕೆಟಲಿಗೆ ಬಿದ್ದ ನೀರು ಹಸಿರು ನೀಲಿ. ಬಾಟಲಿ ಕತ್ತು ನೋಡಿದೆ. ರಬ್ಬರ್ ಬ್ಯಾಂಡು.

ಕೆಟಲನ್ನು ನೆಲಕ್ಕೆ ಎತ್ತಿ ಒಗೆದೆ.

ಖೆಂಗ್ ಓಡಿ ಬಂದು ಬಾಟಲಿ ಮೂಸಿದಳು. "ಅಯ್ಯೋ ದೇವರೇ, ಇದು ಕಳೆ ಔಷಧಿ! ಒಂದು ಗುಟುಕು ಹೋಗಿದ್ದರೆ ಕರುಳು ಸುಟ್ಟುಹೋಗ್ತಿತ್ತು. ಇದನ್ನ ಹೊತ್ತು ತಂದೋರು ಯಾರು?"

"ನಾನು," ಅಂದ ಟೇಕ್ ಬೆಂಗ್. ಹೊರಗಿನ ಕಲ್ಲಿನಿಂದ ಎದ್ದು ಬಂದ. "ಗೂಡಿನ ಹಿಂದೆ ಕಸ ಗುಡಿಸುವಾಗ ಸಿಕ್ತು. ಹಲಗೆಯಿಂದ ಉರುಳಿರಬೇಕು ಅಂತ ತಂದೆ."

"ಉರುಳಿರಬೇಕಂತೆ!" ನಾಥನ್ ರೇಡಿಯೋ ಆರಿಸಿದ. "ಮೆಟ್ಟಿಲ ಹುಲ್ಲು ತೆಗೆಯೋನು ನೀನು. ಔಷಧಿ ನಿನ್ನ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಇರುತ್ತೆ, ಬೆಂಗ್ ಪೆಕ್?" ಪೆಕ್ ಅಂದರೆ ದೊಡ್ಡಪ್ಪ.

"ನಾನು ಕೈಯಲ್ಲಿ ಕೀಳ್ತೀನಿ. ಔಷಧಿ ಮುಟ್ಟಿದವನಲ್ಲ."

"ಒಂಬತ್ತು ವರ್ಷ ಒಂದು ಲೋಟ ಚಹಾ ಸಿಗಲಿಲ್ಲ, ಪಾಪ," ಅಂತ ಹಿಂದಿನಿಂದ ಯಾರೋ ಅಂದರು. "ಹೊಟ್ಟೆಯಲ್ಲಿ ಇಟ್ಕೊಂಡಿದ್ದು ಇವತ್ತು ಹೊರಗೆ ಬಂತು."

ಎಲ್ಲರ ಕಣ್ಣೂ ಆ ಬೋರಲು ಲೋಟದ ಕಡೆ ಹೋಯಿತು. ನಾನು ಹಾಕಿದ ಲೋಟವೇ ಅವನ ಮೇಲೆ ಸಾಕ್ಷಿ ಹೇಳಿತು.

ಅವನು ಬಾಟಲಿ ಎತ್ತಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಉಳಿದ ಬಾಟಲಿಗಳು, ಸಕ್ಕರೆಯದು, ಸೀಮೆಎಣ್ಣೆಯದು, ಒಲೆಯ ಹಿಂದೆಯೇ ಸಾಲಾಗಿ ಇದ್ದವು, ಒಂದೊಂದರ ಕತ್ತಿಗೂ ಹಸಿರು ಬ್ಯಾಂಡು. ಈಗ ಬಾಯಿ ಬಿಡ್ತಾನೆ, ನನ್ನ ಕಥೆ ಮುಗೀತು ಅಂದ್ಕೊಂಡೆ. ಅವನು ಔಷಧಿ ಬಾಟಲಿಯ ಬ್ಯಾಂಡ್ ಬಿಚ್ಚಿ ತನ್ನ ಮಣಿಕಟ್ಟಿಗೆ ಹಾಕಿಕೊಂಡ. ಬಾಟಲಿ ಕೆಳಗಿಟ್ಟ. ಅಷ್ಟೇ.

"ಬೆಂಗ್ ಪೆಕ್, ವಯಸ್ಸಾದೋರು ಅಂತ ಪೊಲೀಸಿಗೆ ಹೇಳಲ್ಲ," ಅಂದಳು ಖೆಂಗ್. "ಆದರೆ ನಾಳೆಯಿಂದ ಮೇಲೆ ಬರಬೇಡಿ."

ಅವನಿಗೆ ಎಪ್ಪತ್ತನಾಲ್ಕು. ಮಗನ ಫ್ಲಾಟಿನಲ್ಲಿ ಒಂದು ಮಂಚ, ಹೊರಗೆ ಈ ಗುಡ್ಡ, ಅದು ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಇನ್ನೇನೂ ಇರಲಿಲ್ಲ. ಇದು ನನಗೂ ಗೊತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೆಟ್ಟಿಲು ಕೆಲಸದ ಗುದ್ದಲಿಯನ್ನು ಗೋಡೆಗೆ ಒರಗಿಸಿ, ತನ್ನ ಮೆಟ್ಟಿಲುಗಳನ್ನೇ ಇಳಿದು ಹೋದ. ನಾನು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ಕೆಟಲು ಉಜ್ಜುತ್ತಾ ಕೂತೆ. ನಿಜ ಹೇಳಲಾ? ಒಳಗೊಳಗೇ ಖುಷಿಯೂ ಆಯ್ತು.

ಮಾರನೇ ದಿನದಿಂದ ಅವನು ಬುಡದಲ್ಲೇ ನಿಂತ. ಗೂಡಿನ ಸುತ್ತ ಗುಡಿಸೋದು, ಬಾಟಲಿ ತುಂಬೋದು, ಹತ್ತೋರಿಗೆಲ್ಲ "ಬೇಗ ಬಂದ್ರಲ್ಲ!" ಅನ್ನೋದು. ಯಾರೂ ತಿರುಗಿ ಏನೂ ಅನ್ನುತ್ತಿರಲಿಲ್ಲ. ಅವನು ತುಂಬಿದ ಬಾಟಲಿಯನ್ನು ಯಾರೂ ಹಾಗೇ ಒಯ್ಯುತ್ತಿರಲಿಲ್ಲ, ಅವನ ಕಣ್ಣೆದುರೇ ಚರಂಡಿಗೆ ಸುರಿದು ಮತ್ತೆ ತುಂಬಿಕೊಳ್ಳುತ್ತಿದ್ದರು. ನನಗೆ ಮಾತ್ರ ಅವನು ಬೇಗ ಬಂದ್ರಲ್ಲ ಅನ್ನುತ್ತಿರಲಿಲ್ಲ. ಪೊರಕೆ ಹಿಡಿದ ಕೈಯಲ್ಲಿ ಆ ಹಸಿರು ಬ್ಯಾಂಡು.

ಹದಿನೆಂಟು ದಿನ ಹೀಗೇ ನಡೀತು. ಮೇಲೆ ಮೆಟ್ಟಿಲಿಗೆಲ್ಲ ಪಾಚಿ. ನಾಥನ್ ಜಾರಿ ಬಿದ್ದು ಪ್ಯಾಂಟು ಹರಿದುಕೊಂಡ, ಅದಕ್ಕೂ ಬೆಂಗನನ್ನೇ ಬೈದ. ಚಹಾ ಕೊಟ್ಟರೆ ಜನ ಮೊದಲು ನನ್ನ ಮುಖ ನೋಡಿ, ನಾನು ಕುಡಿದ ಮೇಲೆ ಕುಡಿಯೋರು. ಆ ಲಜ್ಜೆಗೆಟ್ಟ ನಿಂಬೆಹುಲ್ಲು ಮಾತ್ರ ಸೊಂಟದೆತ್ತರ ಬೆಳೀತು.

ಹತ್ತೊಂಬತ್ತನೇ ದಿನ ನನಗೆ ತಡೀಲಿಲ್ಲ. ಬುಡದಲ್ಲಿ ಇಬ್ಬರೇ ಇದ್ದೆವು.

"ಊರಿಗೆಲ್ಲ ಬೇಗ ಬಂದ್ರಲ್ಲ ಅಂತೀಯ. ನನ್ನ ಕಂಡರೆ ನಾಲಗೆ ಬಿದ್ದುಹೋಗುತ್ತಾ?"

"ಮಾತಾಡಬೇಕಾದೋಳು ನೀನು," ಅಂದ, ಗುಡಿಸೋದು ನಿಲ್ಲಿಸದೆ.

"ಗೊತ್ತಿದ್ದರೆ ಅವತ್ತೇ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ? ದೊಡ್ಡ ಮನುಷ್ಯ ಅನ್ನಿಸಿಕೊಳ್ಳೋಕಾ?"

"ನಾನು ಹೇಳಿದ್ದರೆ ಯಾರು ನಂಬ್ತಿದ್ರು? ನನ್ನ ಲೋಟ ಬೋರಲು ಬಿದ್ದಿತ್ತಲ್ಲ." ಈಗ ತಲೆ ಎತ್ತಿದ. "ಮತ್ತೆ, ನೀನೇ ಹೇಳ್ತೀಯೋ ಇಲ್ಲವೋ ನೋಡಬೇಕಿತ್ತು. ಹತ್ತೊಂಬತ್ತು ದಿನ ನೋಡಿದೆ. ಸಾಯೋ ತನಕ ನೋಡ್ತೀನಿ, ನನಗೇನು ಕೆಲಸ?"

"ಮರ ಯಾಕೆ ಕಡಿದೆ?"

"ನಿನ್ನ ಗಂಡನೇ ಆ ಬೇರು ಎತ್ತಿದ ಮೆಟ್ಟಿಲಲ್ಲಿ ಎಡವಿ ಬಿದ್ದಿದ್ದ, ಮರೆತೆಯಾ? ನಾನೇ ಬೆನ್ನ ಮೇಲೆ ಹೊತ್ತು ಇಳಿಸಿದ್ದೆ. ಇನ್ನೊಬ್ಬ ಬೀಳೋ ಮುಂಚೆ ಕಡಿದೆ. ನಿನ್ನ ಕೇಳಬೇಕಿತ್ತು. ಕೇಳಲಿಲ್ಲ. ಅದು ತಪ್ಪು. ನನ್ನ ತಪ್ಪು ನಾನು ಹೇಳಿಯಾಯ್ತು. ನಿಂದು?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಒಂದೂ ಬಾಟಲಿ ಎತ್ತದೆ ಹತ್ತಿದೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಗುಡಿಸಲಲ್ಲಿ ಹದಿನೈದಿಪ್ಪತ್ತು ಜನ ಕಾಯ್ತಿದ್ದರು.

"ಆ ಔಷಧಿ ನಂದು," ಅಂದೆ. "ಬೆಂಗನ ಹುಲ್ಲು ಸಾಯಿಸೋಕೆ ತಂದಿದ್ದೆ. ಗೂಡಿನ ಹಿಂದೆ ನಾನೇ ಬಚ್ಚಿಟ್ಟೆ. ಅವನಿಗೆ ಏನೂ ಗೊತ್ತಿರಲಿಲ್ಲ."

ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರ ಆಗ್ತಿದ್ದೆ. ಖೆಂಗ್ ನನ್ನ ಕೈಯಿಂದ ಗುಡಿಸಲಿನ ಬೀಗದ ಕೈ ತಗೊಂಡಳು. ಲೋಟಗಳ ಸಾಲಿನ ಹತ್ತಿರ ಹೋಗಿ ಟೇಕ್ ಬೆಂಗನ ಲೋಟವನ್ನು ತನ್ನ ಅಂಗಿಯ ಅಂಚಲ್ಲಿ ಒರೆಸಿ ನೆಟ್ಟಗಿಟ್ಟಳು. ಪಕ್ಕದಲ್ಲಿದ್ದ ನನ್ನ ಲೋಟ ಎತ್ತಿ ಬೋರಲು ಹಾಕಿದಳು.

ಈಗಲೂ ದಿನಾ ಹತ್ತುತ್ತೀನಿ. ಗುಡ್ಡ ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಖೆಂಗ್ ಕಾಯಿಸೋ ಚಹಾ ದನ ಕುಡಿಯೋ ಕಲಗಚ್ಚು, ಆದರೂ ಎಲ್ಲರೂ ಕುಡೀತಾರೆ, ನಿಂಬೆಹುಲ್ಲು ಹಾಕಿಸಿಕೊಂಡು. ಬೆಂಗ್ ಒಳಗೆ ಬೆಂಚಿನ ಮೇಲೆ ಕೂತು ಸೊರ್ ಸೊರ್ ಅಂತ ಸದ್ದು ಮಾಡಿಕೊಂಡೇ ಕುಡೀತಾನೆ. ಅವನು ಕೂರುತ್ತಿದ್ದ ಕಲ್ಲಿನ ಮೇಲೆ ಈಗ ನಾನು ಕೂರುತ್ತೀನಿ, ಫ್ಲಾಸ್ಕ್ ಹಿಡಿದು.

ಹತ್ತೋದಕ್ಕೆ ಮೊದಲು ಬುಡದಲ್ಲಿ ಒಂದು ಕೆಲಸ ಆಗಬೇಕು. ನಾನು ಹೊರೋ ಬಾಟಲಿಯನ್ನು ಯಾರಾದರೂ ನೋಡದೆ ಮೇಲೆ ಬಿಡೋ ಹಾಗಿಲ್ಲ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದಾರೆ. ಬೇರೆ ಯಾರೂ ಒಪ್ಪದ್ದಕ್ಕೆ ಆ ಕೆಲಸ ಬೆಂಗನೇ ಮಾಡ್ತಾನೆ. ನಾನು ಬಾಟಲಿ ಚಾಚಿ ನಿಲ್ತೀನಿ. ಅವನು ಮುಚ್ಚಳ ತಿರುಗಿಸ್ತಾನೆ, ಮೂಸ್ತಾನೆ, ಮೊದಲ ಗುಟುಕು ತಾನೇ ಕುಡಿದು ನೋಡ್ತಾನೆ. ಆಮೇಲೆ ಬಾಟಲಿ ವಾಪಸ್ ಕೊಟ್ಟು, "ಬೇಗ ಬಂದ್ಯಲ್ಲ," ಅಂತಾನೆ.