ಬಸವಣ್ಣೆವ್ವ ಕೇಳಿದ ಶನಿವಾರ

“ಮೂರನೇ ಇಯತ್ತೆ,” ಎಂದ ಶಿವಪುತ್ರಪ್ಪ. ಮಗಳು ಎಷ್ಟನೇ ತರಗತಿ ಎಂದು ನ್ಯಾಯಾಧೀಶರು ಕೇಳಿದ್ದರು. ಅಂದ ಕೂಡಲೇ ತಪ್ಪಿದೆನೆಂದು ಗೊತ್ತಾಯಿತು.

ನ್ಯಾಯಾಧೀಶರು ಕಾಗದದಿಂದ ತಲೆಯೆತ್ತಿದರು. ಶಿವಪುತ್ರಪ್ಪನ ವಕೀಲ ಅವಧೂತರಾವ್ ಕೆಮ್ಮಿ, ಪರೀಕ್ಷೆ ಈಗಷ್ಟೇ ಮುಗಿದದ್ದರಿಂದ ಗೊಂದಲವಾಗಿದೆ ಎಂದು ಮರಾಠಿಯಲ್ಲಿ ತೇಪೆ ಹಚ್ಚಿದ. ಪರೀಕ್ಷೆ ಮುಗಿದು ಮೂರು ತಿಂಗಳಾಗಿತ್ತು. ಎದುರಿನ ಬೆಂಚಿನಲ್ಲಿ ಚಿಕ್ಕವ್ವನ ಪಕ್ಕ ಕೂತಿದ್ದ ಮಗಳು ನೀಲವ್ವ ಹೆಬ್ಬೆರಳು ಮಡಚಿ, ನಾಲ್ಕು ಬೆರಳನ್ನು ಮಡಿಲಲ್ಲಿ ಹಿಡಿದು ಅವನಿಗೆ ತೋರಿಸುತ್ತಿದ್ದಳು. ತರಗತಿಯಲ್ಲಿ ಪಾಠ ಬಾರದವರಿಗೆ ಗೆಳತಿಯರು ತೋರಿಸುವಂತೆ. ಅವನು ನೋಡಿದಾಗ ಹೊತ್ತು ಮೀರಿತ್ತು.

ಭಾಂಬುರ್ಡೆಯ ಹವಾಮಾನ ಕಚೇರಿಯಲ್ಲಿ ಅವನಿಗೆ ಕೆಲಸ. ರತ್ನಾಗಿರಿಯಲ್ಲಿ ನಿನ್ನೆ ಎಷ್ಟು ಮಳೆ ಬಿತ್ತು, ಕಾರವಾರದಲ್ಲಿ ಎಷ್ಟು ಎಂದು ದಿನಾ ಮುಂಜಾನೆ ತಂತಿ ಬರುತ್ತಿತ್ತು. ಅವನು ನಕಾಶೆಯ ಮೇಲೆ ಗುರುತು ಹಾಕುತ್ತಿದ್ದ. ಕಾಣದ ಊರುಗಳ ಬಗ್ಗೆ ಅವನು ತಪ್ಪಿದ್ದೇ ಇಲ್ಲ.

ಏಳು ವರ್ಷದ ಹಿಂದೆ, ನೀಲವ್ವ ಎರಡು ವರ್ಷದವಳಿದ್ದಾಗ, ಹೆಂಡತಿ ವಿಷಮಜ್ವರದಲ್ಲಿ ತೀರಿಕೊಂಡಳು. ಅವಳ ತಂಗಿ ಬಸವಣ್ಣೆವ್ವ ಆಗಲೇ ವಿಧವೆ. ರಾಸ್ತಾ ಪೇಟೆಯ ಒಂದು ಖೋಲಿಯಲ್ಲಿ ಹೊಲಿಗೆ ಯಂತ್ರ ತುಳಿದು ಬದುಕುತ್ತಿದ್ದಳು. ಕೂಸನ್ನು ಅವಳಿಗೊಪ್ಪಿಸಿ, ಅವಳೇ ಪಾಲಕಿ ಎಂದು ಇದೇ ಕೋರ್ಟಿನಲ್ಲಿ ಅವನು ಸಹಿ ಹಾಕಿದ್ದ. ರವಿವಾರ ಮಧ್ಯಾಹ್ನ ಎರಡು ತಾಸು ಅವನ ಭೇಟಿ. ಬಸವಣ್ಣೆವ್ವನನ್ನೇ ಮಾಡಿಕೋ ಎಂದು ತಾಯಿ ಅಂದಾಗ, ಮಗುವಿನ ಸಲುವಾಗಿ ಮದುವೆಯೇ ಬೇಡ ಎಂದಿದ್ದ. ಆ ಮಾತು ಊರೆಲ್ಲ ಹಬ್ಬಿತು. ಎಂಥ ತ್ಯಾಗ ಎಂದರು ಜನ. ಅವನೂ ನಿಧಾನಕ್ಕೆ ಅದನ್ನು ನಂಬಿದ.

ಈಗ ಬಸವಣ್ಣೆವ್ವನೇ ಮದುವೆಯಾಗುವವಳಿದ್ದಳು. ವರ ಸೊಲ್ಲಾಪುರದಲ್ಲಿ ಮಗ್ಗ ಇಟ್ಟವನು. ನೀಲವ್ವನನ್ನೂ ಕರೆದುಕೊಂಡು ಹೋಗುತ್ತೇನೆಂದು ಅವಳು ಹೇಳಿ ಕಳಿಸಿದ್ದಳು. ಮಗಳು ಪರರ ಮನೆಯಲ್ಲಿ ಬೆಳೆಯಬೇಕೇ ಎಂದು ಮಂದಿ ಕೇಳಿದರು. ಮಗಳನ್ನು ತನಗೊಪ್ಪಿಸಬೇಕೆಂದು ಅವನು ಅರ್ಜಿ ಹಾಕಿದ. ತಾಯಿ ಶಿವಬಸವ್ವ ವಿಜಾಪುರದಿಂದ ಬಂದು ನಾನಾ ಪೇಟೆಯ ಮನೆಯಲ್ಲಿ ಒಲೆ ಹಚ್ಚಿದಳು. ಮನೆಯಲ್ಲಿ ಹೆಣ್ಣುಮಗಳು ಇದ್ದಾಳೆಂದು ಅರ್ಜಿಯಲ್ಲಿ ಬರೆಯಲು ಅಷ್ಟು ಸಾಕಾಗಿತ್ತು.

ಬಸವಣ್ಣೆವ್ವ ಎದ್ದು ನಿಂತಳು. ತಾನೇ ಹೊಲಿದ ಬಿಳಿ ಕುಪ್ಪಸ, ತಲೆಯ ಮೇಲೆ ಸೆರಗು. ನ್ಯಾಯಾಧೀಶರು ಹಿಂದೆ ಧಾರವಾಡದಲ್ಲಿದ್ದವರು. ಅವಳು ಮರಾಠಿಯಲ್ಲಿ ತಡವರಿಸಿದಾಗ ಕನ್ನಡದಲ್ಲೇ ಹೇಳು ತಂಗಿ ಎಂದರು. ಹುಡುಗಿಯ ಬಗ್ಗೆ ಅವರು ಕೇಳಿದ್ದಕ್ಕೆಲ್ಲ ಅವಳು ಹೇಳುತ್ತ ಹೋದಳು. ಎಡಗಿವಿ ಮಳೆಗಾಲದಲ್ಲಿ ಸೋರುತ್ತದೆ. ಭಾಗಾಕಾರ ಬರುತ್ತದೆ, ಬಂದದ್ದನ್ನು ತೋರಿಸಿಕೊಳ್ಳುವುದಿಲ್ಲ. ಬೈದರೆ ಅಳುವುದಿಲ್ಲ, ಬೈದು ಮರೆತವರನ್ನು ಕಂಡರೆ ಅಳುತ್ತಾಳೆ. ದನಿಯಲ್ಲಿ ಬೇಡಿಕೆಯಿರಲಿಲ್ಲ, ಜಂಭವೂ ಇರಲಿಲ್ಲ. ಶಿವಪುತ್ರಪ್ಪ ಕೇಳುತ್ತ ಕೂತ. ಒಳ್ಳೆಯ ಉಪಾಧ್ಯಾಯರ ಪಾಠದ ಮುಂದೆ ಕೂತಾಗ ಎಷ್ಟೋ ವರ್ಷದ ಹಿಂದೆ ಆಗುತ್ತಿದ್ದಂಥ ಸಂತೋಷ ಅವನಿಗಾಯಿತು. ಪಾಠ ತನ್ನ ಮಗಳ ಬಗ್ಗೆ ಎಂಬುದು ತುಸು ತಡವಾಗಿ ನೆನಪಾಯಿತು.

ಅವಧೂತರಾವ್ ಎದ್ದ. ಮನೆಯಲ್ಲಿ ರೂಢಿ ಮಾಡಿಕೊಂಡು ಬಂದ ಪ್ರಶ್ನೆ ಅವನ ಹತ್ತಿರವಿತ್ತು. ಮಗುವಿನ ಮೇಲೆ ಇಷ್ಟು ಮಾಯೆಯಿದ್ದರೆ, ಅವಳಿಗಾಗಿ ಈ ಮದುವೆ ಬಿಡುತ್ತೀರಾ?

ಬಿಡುತ್ತೇನೆ ಎಂದರೆ ಅವಳು ಗೆದ್ದಂತೆ. ಕೋರ್ಟಿನಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

“ಇಲ್ರಿ,” ಎಂದಳು ಬಸವಣ್ಣೆವ್ವ. “ಬಿಟ್ಟರ ಅದರ ಭಾರ ನಾಳೆ ಅಕಿ ಮ್ಯಾಲೆ ಬೀಳತದ. ನಿನ್ನ ಸಲುವಾಗಿ ಬಿಟ್ಟೆ ಅಂತ ನಾ ಬಾಯಿ ಬಿಟ್ಟು ಅನ್ನಲಿಲ್ಲಂದ್ರೂ, ಅಕಿ ತಿಳ್ಕೊಂಡಾಕಿ. ಜನಮಪೂರ್ತಿ ಹೊರತಾಳ. ನನಗ ಮದುವಿನೂ ಬೇಕು, ಅಕಿನೂ ಬೇಕ್ರಿ. ಸುಳ್ಳ ಯಾಕ ಹೇಳಲಿ?”

ಅವಧೂತರಾವ್ ಖುಷಿಯಿಂದ ಕೂತುಕೊಂಡ. ಶಿವಪುತ್ರಪ್ಪನ ಕಿವಿ ಬಿಸಿಯಾದವು. ಅವಳು ಅವನನ್ನು ಕುರಿತು ಒಂದು ಮಾತೂ ಆಡಿರಲಿಲ್ಲ. ಆದರೂ ಏಳು ವರ್ಷ ಅಂಗಿಯಂತೆ ತೊಟ್ಟುಕೊಂಡು ತಿರುಗಿದ ತ್ಯಾಗವನ್ನು ಯಾರೋ ಬಿಚ್ಚಿಸಿ, ಮಡಚಿ, ಕೈಯಲ್ಲಿ ಕೊಟ್ಟಂತಾಯಿತು. ಇಷ್ಟು ನೆಟ್ಟಗೆ ಮಾತಾಡುವವರನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂದುಕೊಂಡ. ಅವಳೇ ಗೆಲ್ಲಲಿ ಎಂದೂ ಅನ್ನಿಸಿತು. ಎದ್ದು ನಿಂತು ಅರ್ಜಿ ಹಿಂದಕ್ಕೆ ಪಡೆಯುತ್ತೇನೆಂದರೆ ಮುಗಿಯಿತು. ಕಾಲನ್ನು ಒಮ್ಮೆ ಒಳಗೆಳೆದುಕೊಂಡ. ಅಷ್ಟೇ.

ನ್ಯಾಯಾಧೀಶರು ನೀಲವ್ವನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡಿಸಿದರು. ಹುಡುಗಿ ಬಂದು ಮೊದಲಿನ ಜಾಗದಲ್ಲೇ ಕೂತಳು. ಏನು ಹೇಳಿದಳೋ, ಕೇಳುವ ಧೈರ್ಯ ಅವನಿಗಾಗಲಿಲ್ಲ.

ತೀರ್ಪು ಅವನ ಪಾಲಿಗೆ ಬಂತು. ತಂದೆ ಬದುಕಿರುವಾಗ ಮಗು ಪರವೂರಿಗೆ, ಪರರ ಮನೆಗೆ ಹೋಗುವುದು ಸರಿಯಲ್ಲ. ಚಿಕ್ಕವ್ವ ರವಿವಾರಕ್ಕೊಮ್ಮೆ ಬಂದು ಕಾಣಬಹುದು.

“ರವಿವಾರ ಬ್ಯಾಡ್ರಿ ಸಾಹೇಬ್ರ,” ಎಂದಳು ಬಸವಣ್ಣೆವ್ವ. “ತಿಂಗಳ ಮೊದಲನೇ ಶನಿವಾರ ಕೊಡ್ರಿ.”

ಕಡಿಮೆ ಕೇಳುತ್ತಿದ್ದೀಯಲ್ಲ ಎಂದರು ಅವರು.

“ವಾರಾ ವಾರಾ ಸೊಲ್ಲಾಪುರದಿಂದ ಬರೂದು ಆಗೂದಿಲ್ರಿ. ಬರತಾರ ಅಂತ ತಿಳದ್ರ ಅಕಿ ಹನ್ನೆರಡಕ್ಕ ಜಡಿ ಹಾಕ್ಕೊಂಡು ಹೊಸ್ತಿಲದಾಗ ಕೂಡತಾಳ. ಬರಲಿಲ್ಲಂದ್ರ ದೀಪ ಹಚ್ಚೂತನಾ ಏಳೂದಿಲ್ಲ. ಏಳು ವರ್ಷ ನೋಡೇನ್ರಿ. ತಿಂಗಳಿಗೊಂದು ದಿನಾ ನಾ ತಪ್ಪಸೂದಿಲ್ಲ.”

ಯಾರ ಮುಖವನ್ನೂ ನೋಡದೆ ಹೇಳಿದಳು. ಎಷ್ಟು ರವಿವಾರ ತಪ್ಪಿಸಿದ್ದೆ ಎಂದು ಶಿವಪುತ್ರಪ್ಪ ನೆನೆಯಲು ಹೋದ. ಮಳೆಯೆಂದು, ತಲೆನೋವೆಂದು, ಹೋದರೂ ಹುಡುಗಿ ಮಾತೇ ಆಡುವುದಿಲ್ಲವೆಂದು. ತನಗಾಗಿ ಯಾರಾದರೂ ಕಾಯುತ್ತಿರಬಹುದು ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಅವಳು ಹುಡುಗಿಯ ಟ್ರಂಕನ್ನು ಅವನ ಮುಂದಿಟ್ಟಳು. ಮುಂಜಾನೆಯೇ ತಂದು ಜವಾನನ ಹತ್ತಿರ ಇಟ್ಟಿದ್ದಳಂತೆ. ಸೋಲುತ್ತೇನೆಂದು ಗೊತ್ತಿತ್ತೇ ಎಂದು ಕೇಳಬೇಕೆನಿಸಿತು.

“ಬಸವಣ್ಣೆವ್ವಾ,” ಎಂದ. “ನೀ ಅಂದದ್ದು…”

“ಜಡಿ ಹಾಕ್ಕೊಳ್ಳೂದು ಅಕಿಗೇ ಕಲಿಸೇನಿ, ಮಾಮಾ. ಹಿಂದ ಬೈತಲಿ ಸೊಟ್ಟ ಆಗತದ. ನಗಬ್ಯಾಡ್ರಿ.”

“ಕಾಗದ ಬರೀತೀನಿ.”

“ಅಕಿ ಬರೀತಾಳ್ರಿ,” ಎಂದಳು. ಮೆತ್ತಗೇ ಅಂದಳು. ನೀಲವ್ವನ ಎರಡೂ ಕೈ ಹಿಡಿದು ಏನೋ ಹೇಳಿದಳು; ಹುಡುಗಿ ತಲೆಯಾಡಿಸಿದಳು. ಇಬ್ಬರೂ ಅಳಲಿಲ್ಲ. ಅಳುವ ಹಾಗೆ ಆದದ್ದು ಅವನಿಗೆ. ಆದರೆ ಅವಧೂತರಾವ್ ಬಂದು ಬೆನ್ನು ತಟ್ಟಿ ಅಭಿನಂದನೆ ಎಂದ. ಅವನು ನಕ್ಕ.

ಟಾಂಗಾದವನು ಟ್ರಂಕಿನ ಭಾರ ನೋಡಿ, ಸಾಹೇಬರು ಮುಂದೆ ತನ್ನ ಪಕ್ಕಕ್ಕೆ, ಹುಡುಗಿ ಹಿಂದಿನ ಸೀಟಿಗೆ ಎಂದು ಮರಾಠಿಯಲ್ಲಿ ಹೇಳಿದ. ಹಿಂದಿನ ಸೀಟಿನ ಮುಖ ಹಿಂದಕ್ಕೆ. ನೀಲವ್ವ ಟ್ರಂಕಿನ ಮೇಲೆ ಕಾಲಿಟ್ಟು ಕೂತಳು. ಕುದುರೆ ಹೊರಟಿತು. ಬಸವಣ್ಣೆವ್ವ ಮರದ ಕೆಳಗೇ ನಿಂತಿದ್ದಾಳೋ, ಹೊರಟುಹೋದಳೋ ಅವನಿಗೆ ಕಾಣುವಂತಿರಲಿಲ್ಲ. ಒಂದು ಹಲಗೆಯ ಈಚೆಗೆ ಅವನ ಬೆನ್ನು, ಆಚೆಗೆ ಮಗಳ ಬೆನ್ನು. ಗಾಲಿ ಕುಣಿಗೆ ಇಳಿದಾಗ ಎರಡೂ ಆ ಹಲಗೆಗೆ ತಾಗುತ್ತಿದ್ದವು.

ಸಣ್ಣಗೆ ಹನಿ ಬೀಳುತ್ತಿತ್ತು. ಏನಾದರೂ ಮಾತಾಡಬೇಕು. ಮುಂದೆ ಹೊಳೆಯ ಸೇತುವೆ, ಹೊಸ ಪೂಲು, ಕಂಡಿತು. ಕೆಳಗೆ ಮುಠಾ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

“ನೀಲವ್ವಾ,” ಎಂದ, “ಹೊಳಿ ಬಂತು ನೋಡು.”

“ನನಗಿನ್ನೂ ಬಂದಿಲ್ರಿ,” ಎಂದಳು, ಗುರುತಿಲ್ಲದ ಹಿರಿಯರಿಗೆ ಹೇಳುವಂತೆ.

ಅವನು ಹೊರಳಿ ನೋಡುವಷ್ಟರಲ್ಲಿ ಟಾಂಗಾ ಪೂಲಿನ ಮೇಲಿತ್ತು. ಅವನ ಕಣ್ಣ ಮುಂದೆ ಆಚೆ ದಡದ ಬೀದಿ, ಅಂಗಡಿ, ಕೊಡೆಗಳು. ಹೊಳೆ ದಾಟಿದ ಮೇಲೆ ಬೆನ್ನ ಹಿಂದೆ ಅವಳು ಸಣ್ಣ ದನಿಯಲ್ಲಿ, ತನಗೆ ತಾನೇ, “ಈಗ ಬಂತು,” ಎಂದದ್ದು ಕೇಳಿಸಿತು.