ಒಂದು ಸುಲಭದ ಪದ

“ರೆ-ಟಿ-ಸೆಂಟ್,” ಶಾಂತವೀರಪ್ಪ ಫೋನನ್ನು ಕಣ್ಣಿನಿಂದ ದೂರ ಹಿಡಿದು ಓದಿದರು.

“ಮನಸ್ಸಲ್ಲಿರೋದನ್ನ ಸುಲಭಕ್ಕೆ ಬಾಯ್ಬಿಡದವರು. ಮುಂದಿನ್ದು ಅಪ್ಪಾಜಿ.”

ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆಂದು ಶಿಲ್ಪಶ್ರೀ ಕಠಿಣ ಇಂಗ್ಲಿಷ್ ಪದಗಳನ್ನು ಕಲಿಯುತ್ತಿದ್ದಳು. ಹನುಮಂತನಗರದ ಪಾತ್ರೆ ಅಂಗಡಿಯಿಂದ ಅಪ್ಪ ಬನಶಂಕರಿಯ ಮನೆಗೆ ಊಟಕ್ಕೆ ಬಂದಾಗ ಒಂದೊಂದೇ ಪದ ಕೇಳುತ್ತಿದ್ದರು. ಅವಳು ಅರ್ಥ ಹೇಳುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅಪ್ಪ, ಮಗಳು ಎದುರುಬದುರು ಕೂರುತ್ತಿದ್ದುದೇ ಆ ಹೊತ್ತಿನಲ್ಲಿ.

ಇವತ್ತು ಅಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಫ್ಯಾನ್ ಜೋರು ಮಾಡಿ, ಮತ್ತೆ ಕಡಿಮೆ ಮಾಡಿದರು. ಕೇಳಿದ ಪದವನ್ನೇ ಇನ್ನೊಮ್ಮೆ ಕೇಳಿದರು.

“ಕಂಪ್ಯಾನಿಯನ್,” ಎಂದರು. ಈಗ ಫೋನು ನೋಡುತ್ತಿರಲಿಲ್ಲ.

ಶಿಲ್ಪಶ್ರೀ ನಕ್ಕಳು. “ಅದೇನು ಕಷ್ಟದ ಪದಾನಾ? ಜೊತೆಗಿರೋರು. ಊರಲ್ಲಿರೋ ಅಜ್ಜಿಗೆ ಟಿವೀನೇ ಕಂಪ್ಯಾನಿಯನ್.”

“ಸ್ಕೂಲ್ ಡೇ ಪ್ರೈಜ್‌ಗೆ ಅಂತ ನಮ್ಮಲ್ಲಿ ಟಿಫನ್ ಬಾಕ್ಸ್ ತಗೊಳ್ತಾರಲ್ಲ, ಉತ್ತರಹಳ್ಳಿ ಟೀಚರ್ ಗಿರಿಜಾದೇವಿ… ಅವರೂ ಒಬ್ಬರೇ ಇರೋದು.” ಅಪ್ಪ ಫೋನನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿದರು. “ನಾವಿಬ್ರೂ ಮದುವೆ ಆಗೋಣ ಅಂತಿದೀವಿ, ಶಿಲ್ಪಾ.”

ಹೊರಗೆ ತರಕಾರಿ ಗಾಡಿಯ ಮೈಕು ಸೊಪ್ಪು ಸೊಪ್ಪು ಎಂದು ಕೂಗುತ್ತ ಹೋಯಿತು. ಅವಳು ಎದ್ದು ಅಡುಗೆಮನೆಗೆ ಹೋದಳು. ಯಾಕೆ ಬಂದೆನೆಂದು ತಿಳಿಯದೆ, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆದಳು. ಬಾಗಿಲಿಗೆ ಬಂದು ನಿಂತಾಗ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಾನಿದೀನಿ ಅಂತ ಅವರಿಗೆ ಗೊತ್ತಾ?”

“ನಿನ್ನ ಎಕ್ಸಾಮ್ ಡೇಟೂ ಗೊತ್ತು. ಅದು ಮುಗಿಯೋವರೆಗೂ ಹೇಳ್ಲೇಬೇಡಿ ಅಂದಿದ್ರು.”

“ಮತ್ಯಾಕೆ ಹೇಳಿದ್ರಿ?”

“ತಡ್ಕೊಳಕ್ಕಾಗ್ಲಿಲ್ಲ ಕಣಮ್ಮ.”

ಅವಳು ಬಂದು ಕೂತಳು. “ಪದ ಕೇಳಿ.”

ಅಪ್ಪ ತಡವರಿಸುತ್ತ ಒಂದು ಪದ ಓದಿದರು. ನಿನ್ನೆಯಷ್ಟೇ ಅದಕ್ಕೆ ಥಟ್ಟನೆ ಅರ್ಥ ಹೇಳಿದ್ದಳು, ಈಗ ಹೊಳೆಯಲಿಲ್ಲ. ಅಪ್ಪ ಇನ್ನೊಂದು ಓದಿದರು. ಅದೂ ಬರಲಿಲ್ಲ. ಅವಳು ಕೈ ಚಾಚಿ, ಫೋನನ್ನು ಟೇಬಲ್ ಮೇಲೆ ಬೋರಲು ಹಾಕಿದಳು.

“ಎಕ್ಸಾಮ್ ಆದ್ಮೇಲೆ ಅವರನ್ನ ಮನೆಗೆ ಕರೀರಿ.”

“ಹೂಂ.”

“ಬೇಡ. ಈ ಭಾನುವಾರಾನೇ ಕರೀರಿ. ಇಲ್ದಿದ್ರೆ ನಂಗೆ ಓದಕ್ಕಾಗಲ್ಲ.” ಅವಳ ದನಿ ಒಡೆದಿತ್ತು. “ಇಷ್ಟ ಆಗ್ತಾರೆ ಅಂತ ಮಾತ್ರ ಪ್ರಾಮಿಸ್ ಮಾಡಲ್ಲ.”

“ಬೇಡ, ಮಾಡ್ಬೇಡ.”

ಅಂಗಡಿಗೆ ಹೊತ್ತಾಗಿತ್ತು. ಆದರೂ ಹೊರಡದೆ ಅಪ್ಪ ಬಾಲ್ಕನಿಗೆ ಹೋದರು. ತಂತಿಯ ಮೇಲೆ ಒಣಗಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಹೆಗಲ ಮೇಲೆ ಹಾಕಿಕೊಳ್ಳುತ್ತ ನಿಂತರು.